ಪಾರ್ಕ್ ಉಳಿಸ್ತೀನಿ ಅಂತಾರೆ, ನಂಬೋದಾ?

ಪ್ರಶ್ನೆ: ನಮಸ್ಕಾರ ಮೇಡಂ. ಪಾಲಿಕೆ ಚುನಾವಣೆಗೆ ನಮ್ಮ ವಾರ್ಡಿನಿಂದ ನಿಲ್ಲಬೇಕೆಂದಿರುವವರೊಬ್ಬರು ಈಗಲೇ ಮನೆಮನೆಗೆ ಕರಪತ್ರ ಹಂಚುತ್ತಿದ್ದಾರೆ. 'ಬಡಾವಣೆಯ ಹಸಿರು ಉಳಿಸುತ್ತೇನೆ' ಎಂದು ದಪ್ಪಕ್ಷರದಲ್ಲಿದೆ. ಕೆಳಗೆ ಓಪನ್ ಜಿಮ್, ಕಾರಂಜಿ, ಕಮಾನು, ಹೊಸ ವಾಕಿಂಗ್ ಪಾತ್ ಅಂತ ಪಟ್ಟಿ. ಭಾನುವಾರ ಪಾರ್ಕಿನಲ್ಲೇ ಸಭೆ ಕರೆದಿದ್ದಾರೆ. ಅವರನ್ನು ಏನು ಕೇಳಬೇಕು?
– ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ತಪ್ಪದೆ ಹೋಗಿ. ಹೋಗುವ ಮೊದಲು ಆ ಪಟ್ಟಿಯನ್ನು ಇನ್ನೊಂದು ಸಲ ಓದಿ. ಜಿಮ್, ಕಾರಂಜಿ, ಕಮಾನು, ಪಾತ್. ನಾಲ್ಕೂ ಸಿಮೆಂಟಿನ ಕೆಲಸ, ಅಲ್ವಾ? ಮರದ ಮಾತಿಲ್ಲ, ನೀರಿನ ಮಾತಿಲ್ಲ, ಮಾಲಿಯ ಮಾತಿಲ್ಲ.

ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. ನಮ್ಮ ಮನೆ ಎದುರಿನ ಪಾರ್ಕಿನಲ್ಲಿ ಮೂರು ಹೊಂಗೆ ಮರಗಳಿದ್ದವು. ಒಂದು ಚುನಾವಣೆ ಕಳೆದ ಮೇಲೆ, ಮಾತು ಕೊಟ್ಟ ಹಾಗೇ, ವಾಕಿಂಗ್ ಪಾತ್ ಬಂತು. ಟೈಲ್ಸ್ ಹಾಕುವಾಗ ಮರದ ಬುಡಕ್ಕೇ ಅಂಟಿಸಿ ಕಾಂಕ್ರೀಟ್ ಸುರಿದರು. ನೋಡಲು ಚೆನ್ನಾಗಿಯೇ ಇತ್ತು. ನಾನೂ ಖುಷಿಪಟ್ಟೆ. ಆದರೆ ಬೇರಿಗೆ ಮಳೆನೀರು ಇಳಿಯಲಿಲ್ಲ, ಗಾಳಿ ಆಡಲಿಲ್ಲ. ನಾಲ್ಕನೇ ವರ್ಷ ಮೇ ತಿಂಗಳ ಗಾಳಿಮಳೆಗೆ ಒಂದು ಹೊಂಗೆ ಬುಡಸಮೇತ ಉರುಳಿತು. ಅದರ ನೆರಳಿನಲ್ಲಿ ದಿನಾ ಹೂ ಕಟ್ಟುತ್ತಿದ್ದ ಅಜ್ಜಿ ಅವತ್ತು ಮೋಡ ನೋಡಿ ಬೇಗ ಎದ್ದು ಹೋಗಿದ್ದರು. ಅವರನ್ನು ನೋಡಿದಾಗಲೆಲ್ಲ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ.

ದೆಹಲಿಯಲ್ಲಿ ಮರದ ಬುಡದ ಸುತ್ತ ಒಂದು ಮೀಟರ್ ಜಾಗದ ಕಾಂಕ್ರೀಟ್ ತೆಗೆಯಿರಿ ಎಂದು ಹಸಿರು ನ್ಯಾಯಮಂಡಳಿ 2013ರಲ್ಲೇ ಹೇಳಿತ್ತು. ನಿಮ್ಮ ಅಭ್ಯರ್ಥಿಯಿಂದ ಅಷ್ಟು ಮಾತಾದರೂ ತೆಗೆದುಕೊಳ್ಳಿ.

ಆಮೇಲೆ ನೀರು. 2024ರ ಮಾರ್ಚ್‌ನಲ್ಲಿ ನೀರಿಗೆ ಹಾಹಾಕಾರ ಎದ್ದಾಗ, ಕುಡಿಯುವ ನೀರನ್ನು ಕೈತೋಟಕ್ಕೆ, ಕಾರಂಜಿಗೆ ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ಜನರಿಗೇ ನೀರಿಲ್ಲದಾಗ ಅದು ಸರಿಯಾದ ಆದೇಶವೇ. ಆದರೆ ಬೇರೆ ನೀರಿನ ವ್ಯವಸ್ಥೆ ಮಾಡಿಕೊಂಡಿರದ ನಮ್ಮ ಪಾರ್ಕಿನಲ್ಲಿ ಹಿಂದಿನ ಮಳೆಗಾಲ ನೆಟ್ಟ ಸಸಿಗಳೆಲ್ಲ ಒಣಗಿದವು. ಹಾಗಾಗಿ ಕೇಳಿ: ಬೇಸಿಗೆಯಲ್ಲಿ ಸಂಸ್ಕರಿಸಿದ ನೀರು ಎಲ್ಲಿಂದ ತರಿಸುತ್ತೀರಿ? ಟ್ಯಾಂಕರ್ ವಾರಕ್ಕೆ ಎಷ್ಟು ಸಲ ಬರುತ್ತದೆ?

ಮಾಲಿಯ ಸಂಬಳ ಕೇಳುವುದನ್ನು ಮರೆಯಬೇಡಿ. ನಮ್ಮ ಮಾಲಿಗೆ ಗುತ್ತಿಗೆದಾರ ಮೂರು ತಿಂಗಳು ಸಂಬಳ ಕೊಡಲಿಲ್ಲ. ಪಾಪ, ಅವರು ಗಾರೆ ಕೆಲಸಕ್ಕೆ ಹೋದರು. ಯಾವ ಗಿಡಕ್ಕೆ ಯಾವಾಗ ನೀರು ಬೇಕು ಅಂತ ಅವರಿಗೆ ಗೊತ್ತಿದ್ದಷ್ಟು ನಮಗ್ಯಾರಿಗೂ ಗೊತ್ತಿರಲಿಲ್ಲ.

ಇನ್ನು ಕಾಗದಪತ್ರ. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳನ್ನು ಕಾಪಾಡಲು ನಮ್ಮ ರಾಜ್ಯದಲ್ಲಿ 1985ರ ಕಾಯ್ದೆಯೇ ಇದೆ. ಅದರ ಪ್ರಕಾರ ಸ್ಥಳೀಯ ಸಂಸ್ಥೆ ಇವುಗಳ ಪಟ್ಟಿಯನ್ನು ನಕ್ಷೆ ಸಮೇತ ಮಾಡಬೇಕು. ನಿಮ್ಮ ಪಾರ್ಕ್ ಆ ಪಟ್ಟಿಯಲ್ಲಿದೆಯಾ? ಆರ್‌ಟಿಐ ಹಾಕಿ ಕೇಳಿ. ಅಭ್ಯರ್ಥಿಯನ್ನೂ ಕೇಳಿ. ಗೊತ್ತಿಲ್ಲ ಅಂದರೆ ತಪ್ಪೇನಿಲ್ಲ, ಆದರೆ ಎಷ್ಟು ದಿನದಲ್ಲಿ ತಿಳಿದು ಹೇಳುತ್ತಾರೆ ಅಂತ ತಾರೀಖು ಬರೆಸಿಕೊಳ್ಳಿ.

ಬೆಂಗಳೂರಿನ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಒಂದು ಒಣಕೊಂಬೆ ಕಡಿಸಲೂ ಯಾರನ್ನು ಹಿಡಿಯಬೇಕೋ ತಿಳಿಯದೆ ಅಲೆದಿದ್ದೇವೆ. ಅದಕ್ಕೇ ಗೆದ್ದ ಮೇಲೆ ವಾರ್ಡ್ ಸಮಿತಿ ಸಭೆಗೆ ಪ್ರತಿ ತಿಂಗಳು ಬರುತ್ತೀರಾ ಎಂದು ಎಲ್ಲರೆದುರು ಕೇಳಿ.

ಭಾನುವಾರದೊಳಗೆ ಒಂದು ಕೆಲಸ ಮಾಡಿ. ಮಕ್ಕಳನ್ನು ಕರೆದುಕೊಂಡು ಹೋಗಿ ಪಾರ್ಕಿನ ಮರಗಳನ್ನು ಎಣಿಸಿ. ಹೆಸರು, ಬುಡದ ಸುತ್ತಳತೆ ಬರೆದಿಡಿ. ಆ ಹಾಳೆಯ ಮೇಲೇ ಅಭ್ಯರ್ಥಿಯ ಸಹಿ ಹಾಕಿಸಿ.

ಪ್ರಶ್ನೆ: ನಮ್ಮ ಕಡೆಯ ಅಭ್ಯರ್ಥಿ ಪಾರ್ಕಿನ ಮೂಲೆಯಲ್ಲಿ ಸಮುದಾಯ ಭವನ ಕಟ್ಟಿಸಿಕೊಡ್ತೀನಿ ಅಂತಿದ್ದಾರೆ. ಬಡವರ ಮದುವೆಗೆ ಅನುಕೂಲ. ಬೇಡ ಅನ್ನಲು ಮನಸ್ಸು ಬರುತ್ತಿಲ್ಲ.
– ಓದುಗರು, ಬನಶಂಕರಿ, ಬೆಂಗಳೂರು

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ. ರಾಜಮಹಲ್ ವಿಲಾಸ್ ಬಡಾವಣೆಯಲ್ಲೂ ಪಾರ್ಕಿಗೆಂದು ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಂಗೆ ಕೊಟ್ಟಿದ್ದರು. ಆಸ್ಪತ್ರೆ ಕೆಟ್ಟದ್ದಲ್ಲ. ಆದರೂ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿಯೇ ತೀರ್ಪು ಕೊಟ್ಟಿತು. ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಕಾಯ್ದೆಯಲ್ಲಿ ಬಡಾವಣೆಯ ಶೇ. 15 ಜಾಗ ಪಾರ್ಕ್ ಮತ್ತು ಆಟದ ಮೈದಾನಕ್ಕೆ. ಅದಲ್ಲದೆ ಕನಿಷ್ಠ ಶೇ. 10 ನಾಗರಿಕ ಸೌಲಭ್ಯಕ್ಕೆ. ಭವನಕ್ಕೆ ಜಾಗ ಹುಡುಕಬೇಕಾದ್ದು ಈ ಎರಡನೆಯದರಲ್ಲಿ. ನಿಮ್ಮ ಬಡಾವಣೆಯಲ್ಲಿ ಸಿಎ ಸೈಟ್, ಅಂದರೆ ನಾಗರಿಕ ಸೌಲಭ್ಯಕ್ಕೆ ಬಿಟ್ಟ ನಿವೇಶನ, ಖಾಲಿ ಇದೆಯಾ ವಿಚಾರಿಸಿ. ಇದ್ದರೆ ಅದರ ನಂಬರ್ ಬರೆದುಕೊಂಡೇ ಅವರ ಹತ್ತಿರ ಹೋಗಿ.