ಎರಡು ಹಲಗೆಯಾ, ಒಂದು ಹಲಗೆಯಾ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹಿಮದ ಬಗ್ಗೆಯೇ ಇವೆ. ಬೆಂಗಳೂರು, ದಾವಣಗೆರೆ, ಮೂಲ್ಕಿ, ಅಮೆರಿಕದಿಂದಲೂ ಒಂದು. ಸ್ಕೀ ಕಲಿಯೋಣವೋ, ಸ್ನೋಬೋರ್ಡ್ ಕಲಿಯೋಣವೋ ಅನ್ನುವುದೇ ಹೆಚ್ಚಿನವರ ಪ್ರಶ್ನೆ. ನಾನು ಎರಡನ್ನೂ ಕಲಿತಿದ್ದೇನೆ. ಎರಡರಲ್ಲೂ ಚೆನ್ನಾಗಿ ಬಿದ್ದಿದ್ದೇನೆ. ಗೊತ್ತಿರುವಷ್ಟು ಹೇಳುತ್ತೇನೆ.

ನನಗೆ 33, ನನ್ನ ಗಂಡನಿಗೆ 36. ಜನವರಿ ಕೊನೆಯಲ್ಲಿ ಐದು ದಿನ ಗುಲ್ಮರ್ಗ್‌ಗೆ ಹೋಗುತ್ತಿದ್ದೇವೆ. ಇಬ್ಬರೂ ಇದುವರೆಗೆ ಹಿಮ ಮುಟ್ಟಿಲ್ಲ. ವೀಡಿಯೋ ನೋಡಿ ನೋಡಿ ಅವರಿಗೆ ಸ್ನೋಬೋರ್ಡ್ ಹುಚ್ಚು ಹಿಡಿದಿದೆ. ನನಗೆ ಸ್ಕೀ ಸುಲಭ ಅನ್ನಿಸುತ್ತದೆ. ಯಾವುದು ಆರಿಸಿಕೊಳ್ಳಲಿ?
— ಓದುಗರು, ರಾಜಾಜಿನಗರ, ಬೆಂಗಳೂರು

ಈ ಸಲ ಇಬ್ಬರೂ ಸ್ಕೀ ಮಾಡಿ. ಯಾಕೆ ಅಂತ ಹೇಳುತ್ತೇನೆ, ಅವರಿಗೂ ಓದಿ ಹೇಳಿ.

ಐದು ದಿನದ ಪ್ರವಾಸ ಅಂದರೆ ಹಿಮದ ಮೇಲೆ ಐದು ದಿನ ಸಿಗುವುದಿಲ್ಲ. ಶ್ರೀನಗರದಿಂದ ಗುಲ್ಮರ್ಗ್ ಸುಮಾರು 50 ಕಿಲೋಮೀಟರ್. ಹಿಮ ಬಿದ್ದ ದಿನ ತಂಗ್ಮರ್ಗ್‌ನಿಂದ ಮೇಲಿನ 13 ಕಿಲೋಮೀಟರ್ ದಾರಿಯನ್ನು ಚಕ್ರಕ್ಕೆ ಚೈನ್ ಕಟ್ಟಿದ ಗಾಡಿಯಲ್ಲಿ ನಿಧಾನಕ್ಕೆ ಹತ್ತಬೇಕು. ಹೋಗುವ ದಿನ, ಬರುವ ದಿನ ಕಳೆದರೆ ಕೈಯಲ್ಲಿ ಉಳಿಯುವುದು ಮೂರೇ ದಿನ. ಅದರಲ್ಲಿ ಮೋಡ ಮುಚ್ಚಿಕೊಂಡು ಒಂದು ದಿನ ಹೋದರೂ ಹೋಯಿತು.

ಸ್ಕೀಯಲ್ಲಿ ಎರಡೂ ಕಾಲು ಬೇರೆ ಬೇರೆ ಇರುತ್ತವೆ, ಮುಖ ಮುಂದಕ್ಕೆ ಇರುತ್ತದೆ, ಕೈಯಲ್ಲಿ ಎರಡು ಕೋಲು. ನಡೆಯುವಾಗ ನಮ್ಮ ಮೈ ಹೇಗಿರುತ್ತದೋ ಹೆಚ್ಚು ಕಡಿಮೆ ಹಾಗೇ. ಮೊದಲ ದಿನ ಕಲಿಸುವುದು ನಿಲ್ಲುವುದನ್ನು. ಸ್ಕೀಗಳ ಮುಂದಿನ ತುದಿಗಳನ್ನು ಹತ್ತಿರ ತಂದು ಹಿಮ್ಮಡಿಗಳನ್ನು ಹೊರಕ್ಕೆ ತಳ್ಳಬೇಕು. ಮೇಲಿಂದ ನೋಡಿದರೆ ಮಲೆನಾಡಿನ ಹೆಂಚಿನ ಮನೆಯ ಮಾಡಿನ ಹಾಗೆ ಕಾಣುತ್ತದೆ. ಮಾಡು ಅಗಲ ಮಾಡಿದಷ್ಟೂ ವೇಗ ಕಡಿಮೆ. ಮೇಷ್ಟ್ರು ಇದನ್ನು ಸ್ನೋಪ್ಲೌ ಅಂತಲೋ ಪಿಜ್ಜಾ ಅಂತಲೋ ಕರೆಯುತ್ತಾರೆ. ಇಷ್ಟು ಬಂದರೆ ಎರಡನೇ ದಿನ ಸಣ್ಣ ಇಳಿಜಾರಿನಲ್ಲಿ ತಿರುಗುವುದು ಬರುತ್ತದೆ. ಮೂರನೇ ದಿನ ನೀವಾಗಿ ನೀವೇ ಇಳಿದು ಬರುತ್ತೀರಿ, ಆ ಖುಷಿ ಬೇರೆಯೇ.

ಸ್ನೋಬೋರ್ಡ್‌ನಲ್ಲಿ ಎರಡೂ ಪಾದ ಒಂದೇ ಹಲಗೆಗೆ ಬಿಗಿದಿರುತ್ತವೆ. ಅಡ್ಡ ನಿಂತು ಹೆಗಲ ಮೇಲಿಂದ ದಾರಿ ನೋಡಬೇಕು. ಹಲಗೆಗೆ ಎರಡು ಅಂಚು: ಒಂದು ಹಿಮ್ಮಡಿಯ ಕಡೆ, ಇನ್ನೊಂದು ಕಾಲ್ಬೆರಳಿನ ಕಡೆ. ಸದಾ ಗುಡ್ಡದ ಮೇಲ್ಭಾಗದ ಅಂಚಿನ ಮೇಲೆ ಭಾರ ಇರಬೇಕು. ಒಂದು ಕ್ಷಣ ಮರೆತು ಹಲಗೆ ಚಪ್ಪಟೆಯಾದರೆ ಕೆಳಗಿನ ಅಂಚು ಹಿಮಕ್ಕೆ ಕಚ್ಚುತ್ತದೆ. ಕಚ್ಚಿದ ಮೇಲೆ ಏನೂ ಮಾಡುವ ಹಾಗಿಲ್ಲ, ಯಾರೋ ಕಾಲ ಕೆಳಗಿನ ಚಾಪೆ ಎಳೆದ ಹಾಗೆ ಆಗುತ್ತದೆ. ನನಗೆ ಮೊದಲ ದಿನ ಹೀಗೆ ಎಷ್ಟು ಸಲ ಆಯಿತು ಅಂತ ಲೆಕ್ಕವೇ ಇಲ್ಲ. ಸಂಜೆ ಕುರ್ಚಿಯಲ್ಲಿ ಕೂರುವುದಕ್ಕೆ ಆಗಲಿಲ್ಲ, ರಾತ್ರಿ ನೀರಿನ ಬಾಟಲಿಯ ಮುಚ್ಚಳ ತಿರುಗಿಸಲು ಮಣಿಕಟ್ಟಿನಲ್ಲಿ ಶಕ್ತಿ ಇರಲಿಲ್ಲ. ಎರಡನೇ ದಿನವೂ ಹೆಚ್ಚು ಕಡಿಮೆ ಅದೇ ಕಥೆ. ಮೂರನೇ ದಿನ ಮಧ್ಯಾಹ್ನ ಇದ್ದಕ್ಕಿದ್ದ ಹಾಗೆ ಒಂದು ಅಂಚಿನಿಂದ ಇನ್ನೊಂದಕ್ಕೆ ಸಲೀಸಾಗಿ ಬದಲಾಯಿಸಲು ಬಂತು, ಆಮೇಲೆ ಬೇಗ ಬೇಗ ಮುಂದೆ ಹೋದೆ.

ಸ್ಕೀ ಶುರುವಿನಲ್ಲಿ ಸುಲಭ, ಆಮೇಲೆ ಚೆನ್ನಾಗಿ ಮಾಡಲು ವರ್ಷಗಳು ಬೇಕು. ಸ್ನೋಬೋರ್ಡ್ ಶುರುವಿನಲ್ಲಿ ನೋವು, ಅದನ್ನು ದಾಟಿದರೆ ದಾರಿ ಬೇಗ ಸಾಗುತ್ತದೆ. ನಿಮಗಿರುವ ಮೂರು ದಿನ ಸ್ನೋಬೋರ್ಡ್‌ನ ನೋವಿಗೇ ಸರಿಹೋಗುತ್ತದೆ. ಖುಷಿ ಶುರುವಾಗುವ ಹೊತ್ತಿಗೆ ವಿಮಾನ ಹತ್ತಬೇಕು.

ಇನ್ನೊಂದು ವಿಷಯ. ಗುಲ್ಮರ್ಗ್‌ನ ಕೆಳಗಿನ ಬಯಲಿನಲ್ಲಿ ಸಮತಟ್ಟು ಜಾಗ ಜಾಸ್ತಿ. ಸ್ಕೀ ಮಾಡುವವರು ಕೋಲು ಊರಿಕೊಂಡು ದಾಟುತ್ತಾರೆ. ಬೋರ್ಡ್‌ನವರು ಪ್ರತಿ ಸಲ ಒಂದು ಕಾಲು ಬಿಚ್ಚಿ ತಳ್ಳಿಕೊಂಡು ಹೋಗಬೇಕು. ಹೊಸಬರನ್ನು ಇಳಿಜಾರಿನ ಮೇಲಕ್ಕೆ ಎಳೆದೊಯ್ಯುವ ಲಿಫ್ಟ್ ಕೂಡ ಮುಂದಕ್ಕೆ ಮುಖ ಮಾಡಿ ನಿಂತವರಿಗೇ ಅನುಕೂಲ. ಇಬ್ಬರೂ ಬೇರೆ ಬೇರೆ ಆರಿಸಿದರೆ ಒಬ್ಬರಿಗೊಬ್ಬರು ಕಾಯುವುದರಲ್ಲೇ ಅರ್ಧ ದಿನ ಹೋಗುತ್ತದೆ. ಆದರೂ ನಿಮ್ಮವರ ಆಸೆಯನ್ನು ಸುಮ್ನೆ ತಳ್ಳಿಹಾಕಬೇಡಿ. ರಜೆಯನ್ನು ಎಂಟು ದಿನಕ್ಕೆ ಹಿಗ್ಗಿಸಲು ಆಗುವುದಾದರೆ, ಮಣಿಕಟ್ಟಿನ ಗಾರ್ಡ್ ಹಾಕಿಕೊಳ್ಳಲು ಒಪ್ಪಿದರೆ, ಅವರು ಧೈರ್ಯವಾಗಿ ಬೋರ್ಡ್ ಹಿಡಿಯಲಿ.

ಯಾವುದೇ ಆದರೂ ಮೇಷ್ಟ್ರನ್ನು ಇಟ್ಟುಕೊಳ್ಳಿ. ಗುಲ್ಮರ್ಗ್‌ನಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಇದೆ, ಅವರ ಕೋರ್ಸ್‌ಗಳನ್ನು ಮೊದಲು ವಿಚಾರಿಸಿ. ಗೊಂಡೋಲಾ, ಅಂದರೆ ಕೇಬಲ್ ಕಾರ್ ಹತ್ತಿ ಅಫರ್ವಟ್ ಬೆಟ್ಟದವರೆಗೆ ಹೋಗಿ ನೋಡಿ ಬನ್ನಿ, ಸುಮಾರು 3,950 ಮೀಟರ್ ಎತ್ತರ, ನೋಟ ಮರೆಯುವ ಹಾಗಿಲ್ಲ. ಅಲ್ಲಿಂದ ಸ್ಕೀ ಮಾಡಿ ಇಳಿಯುವ ಯೋಚನೆ ಮಾತ್ರ ಬೇಡ. ಅದು ಪಳಗಿದವರಿಗೆ. ಅವರಿಗೂ ಅಪಾಯ ತಪ್ಪಿದ್ದಲ್ಲ: 2023ರ ಫೆಬ್ರುವರಿಯಲ್ಲಿ ಅಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಪೋಲೆಂಡಿನ ಇಬ್ಬರು ತೀರಿಕೊಂಡರು.

ಬಾಡಿಗೆ ಸ್ಕೀ ತೆಗೆದುಕೊಳ್ಳುವಾಗ ಏನು ನೋಡಬೇಕು?
— ವಿದ್ಯಾರ್ಥಿ, ಹುಬ್ಬಳ್ಳಿ

ಬೈಂಡಿಂಗ್ ನೋಡಿ. ಬೂಟನ್ನು ಸ್ಕೀಗೆ ಹಿಡಿದಿಡುವ ಆ ಕ್ಲಿಪ್ಪಿನ ಮೇಲೆ ಸಣ್ಣ ಕಿಟಕಿ ಇರುತ್ತದೆ, ಒಳಗೆ ಒಂದು ಅಂಕಿ. ಬಿದ್ದಾಗ ಎಷ್ಟು ಬಲಕ್ಕೆ ಬೂಟು ಕಳಚಿಕೊಳ್ಳಬೇಕು ಅನ್ನುವುದು ಆ ಅಂಕಿಯಲ್ಲಿದೆ. ಅದನ್ನು ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ, ನೀವು ಎಷ್ಟು ಕಲಿತಿದ್ದೀರಿ ಎಲ್ಲವನ್ನೂ ಕೇಳಿ ತಿರುಪು ತಿರುಗಿಸಿ ಹೊಂದಿಸಬೇಕು.

ಇದು ನನಗೆ ಪೆಟ್ಟು ತಿಂದ ಮೇಲೆ ಗೊತ್ತಾಗಿದ್ದು. ಒಂದು ಬಾಡಿಗೆ ಅಂಗಡಿಯಲ್ಲಿ ಬೂಟಿನ ಸೈಜ್ ಒಂದನ್ನೇ ಕೇಳಿ, ಹಿಂದಿನವರು ವಾಪಸ್ ಕೊಟ್ಟ ಸ್ಕೀಯನ್ನೇ ನನ್ನ ಕೈಗಿಟ್ಟರು. ಹಿಂದಿನವರು ನನಗಿಂತ ತುಂಬಾ ತೂಕದವರಿರಬೇಕು. ನಿಧಾನವಾಗಿ ಬಿದ್ದೆ, ಮೈ ತಿರುಗಿತು, ಸ್ಕೀ ಕಳಚಿಕೊಳ್ಳಲಿಲ್ಲ. ಮಂಡಿ ತಿರುಚಿಕೊಂಡು ಮೂರು ವಾರ ಕುಂಟಿದೆ. ನಿಧಾನವಾಗಿ ಬಿದ್ದಾಗಲೇ ಹೀಗಾಗುವುದು ಜಾಸ್ತಿ, ಏಕೆಂದರೆ ಬೂಟನ್ನು ಕಳಚುವಷ್ಟು ಬಲ ಬೀಳದೆ ಮಂಡಿಯನ್ನು ತಿರುಚುವಷ್ಟು ಮಾತ್ರ ಬೀಳುತ್ತದೆ. ತೂಕ ಕೇಳದೆ ಸ್ಕೀ ಕೊಡುವ ಅಂಗಡಿಯಿಂದ ಎದ್ದು ಬನ್ನಿ.

ಬೂಟು ಬಿಗಿಯಾಗಿರಲಿ. ಬೆರಳು ಅಲ್ಲಾಡಬೇಕು, ಹಿಮ್ಮಡಿ ಮೇಲೆ ಏಳಬಾರದು. ಉದ್ದನೆಯ ಕಾಲುಚೀಲ ಒಂದೇ ಜೊತೆ ಸಾಕು. ಚಳಿ ಅಂತ ಎರಡು ಹಾಕಿದರೆ ರಕ್ತ ಓಡಾಡದೆ ಕಾಲು ಇನ್ನೂ ತಣ್ಣಗಾಗುತ್ತದೆ.

ಜೀನ್ಸ್ ನಡೆಯುತ್ತದಾ?
— ಓದುಗರು, ಮೈಸೂರು

ಬೇಡ. ಎರಡು ಸಲ ಬಿದ್ದರೆ ಒದ್ದೆ, ಆಮೇಲೆ ಮರಗಟ್ಟುತ್ತದೆ. ನೀರು ಹಿಡಿಯದ ಪ್ಯಾಂಟ್ ಬಾಡಿಗೆಗೆ ಸಿಗುತ್ತದೆ. ಹೆಲ್ಮೆಟ್, ಕನ್ನಡಕ, ಸನ್‌ಸ್ಕ್ರೀನ್ ಮರೆಯಬೇಡಿ. ಹಿಮದ ಬಿಸಿಲಿಗೆ ಮುಖ ಸುಡುತ್ತದೆ.

ನನಗೆ 54. ಬಲ ಮಂಡಿ ಆಗಾಗ ನೋಯುತ್ತದೆ. ಸ್ನೋಬೋರ್ಡ್ ಆದರೆ ಮಂಡಿಗೆ ಒಳ್ಳೆಯದು ಅಂತ ಸ್ನೇಹಿತರು ಹೇಳಿದರು. ನಿಜವಾ?
— ಓದುಗರು, ದಾವಣಗೆರೆ

ಅರ್ಧ ನಿಜ. ಸ್ಕೀಯಲ್ಲಿ ಒಂದೊಂದು ಕಾಲೂ ಬೇರೆ ದಿಕ್ಕಿಗೆ ತಿರುಗಬಹುದು, ಆದ್ದರಿಂದ ಮಂಡಿಯ ಲಿಗಮೆಂಟಿಗೆ ಪೆಟ್ಟು ಜಾಸ್ತಿ. ಬೋರ್ಡ್‌ನಲ್ಲಿ ಎರಡೂ ಕಾಲು ಒಟ್ಟಿಗೇ ಇರುವುದರಿಂದ ಮಂಡಿ ತಿರುಚುವುದು ಕಡಿಮೆ. ಆದರೆ ಆ ಪೆಟ್ಟು ಮಣಿಕಟ್ಟಿಗೆ, ಹೆಗಲಿಗೆ, ಬೆನ್ನಿನ ಕೆಳಗಿನ ಮೂಳೆಗೆ ಬೀಳುತ್ತದೆ. 54ರಲ್ಲಿ ಮಣಿಕಟ್ಟು ಮುರಿದುಕೊಳ್ಳುವುದು ಸಣ್ಣ ಮಾತಲ್ಲ. ಮೊದಲು ಮೂಳೆ ಡಾಕ್ಟರಿಗೆ ತೋರಿಸಿ. ಅವರು ಹೂಂ ಅಂದರೆ ಎರಡು ತಿಂಗಳು ತೊಡೆಯ ವ್ಯಾಯಾಮ ಮಾಡಿ. ಗೋಡೆಗೆ ಬೆನ್ನು ಕೊಟ್ಟು, ಕುರ್ಚಿಯಲ್ಲಿ ಕೂತ ಹಾಗೆ ಒಂದು ನಿಮಿಷ ನಿಲ್ಲಲು ಆಗಬೇಕು.

ನಿಮಗೆ ನಾನು ಮೂರನೆಯದೊಂದನ್ನು ಹೇಳುತ್ತೇನೆ: ಕ್ರಾಸ್ ಕಂಟ್ರಿ ಸ್ಕೀಯಿಂಗ್. ಹಗುರವಾದ ಸ್ಕೀ, ಮೆತ್ತನೆಯ ಬೂಟು, ಹಿಮ್ಮಡಿಯನ್ನು ಸ್ಕೀಗೆ ಬಿಗಿದಿರುವುದಿಲ್ಲ. ಹೆಚ್ಚಾಗಿ ಸಮತಟ್ಟಿನಲ್ಲಿ ಜಾರುತ್ತಾ ನಡೆಯುವುದು. ಉಸಿರು ಏರುತ್ತದೆ, ಮಂಡಿಗೆ ಅಷ್ಟು ಹೊಡೆತ ಇಲ್ಲ. ನಮ್ಮ ಕೊಡಗಿನ ಭವಾನಿ ತೆಕ್ಕಡ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದುಕೊಟ್ಟಿದ್ದು ಇದೇ ಆಟದಲ್ಲಿ. ಕಾಫಿ ತೋಟದ ನಾಡಿನ ಹುಡುಗಿ ಹಿಮದ ಮೇಲೆ ಗೆದ್ದರಲ್ಲ ಅಂತ ನನಗೆ ಈಗಲೂ ಹೆಮ್ಮೆ.

ನಾನು ಐದು ವರ್ಷದಿಂದ ಸರ್ಫಿಂಗ್ ಮಾಡುತ್ತಿದ್ದೇನೆ. ಸ್ನೋಬೋರ್ಡ್ ನನಗೆ ತಾನಾಗೇ ಬರುತ್ತದಾ?
— 22 ವರ್ಷದ ಓದುಗ, ಮೂಲ್ಕಿ

ನೀವು ಮಾತ್ರ ಸೀದಾ ಸ್ನೋಬೋರ್ಡ್‌ಗೇ ಹೋಗಿ. ಅದು ಹುಟ್ಟಿದ್ದೇ ನಿಮ್ಮ ಆಟದಿಂದ. 1965ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಶೆರ್ಮನ್ ಪಾಪನ್ ಅನ್ನುವವರು ತಮ್ಮ ಮಕ್ಕಳಿಗಾಗಿ ಎರಡು ಸ್ಕೀಗಳನ್ನು ಜೋಡಿಸಿ ಒಂದು ಹಲಗೆ ಮಾಡಿದರು. ಸ್ನೋ ಮತ್ತು ಸರ್ಫ್ ಸೇರಿಸಿ ಅದಕ್ಕೆ ಸ್ನರ್ಫರ್ ಅಂತ ಹೆಸರು ಬಂತು. ಅಲ್ಲಿಂದ ಬೆಳೆದು 1998ರ ನಾಗಾನೊ ಒಲಿಂಪಿಕ್ಸ್‌ಗೂ ಕಾಲಿಟ್ಟಿತು.

ಯಾವ ಕಾಲು ಮುಂದೆ ಅನ್ನುವುದು ನಿಮಗೆ ಆಗಲೇ ಗೊತ್ತು. ಅಡ್ಡ ನಿಲ್ಲುವುದು, ಮಂಡಿ ಬಗ್ಗಿಸಿಕೊಂಡಿರುವುದು ಮೈಗೆ ಹತ್ತಿದೆ. ಒಂದು ಅಭ್ಯಾಸ ಮಾತ್ರ ಬಿಡಬೇಕು. ಅಲೆಯ ಮೇಲೆ ಹಿಂದಿನ ಕಾಲಿನಿಂದ ಹಲಗೆ ತಿರುಗಿಸುತ್ತೀರಿ, ಅಲ್ವಾ? ಗಟ್ಟಿ ಹಿಮದಲ್ಲಿ ಭಾರ ಮುಂದಿನ ಕಾಲಿನ ಮೇಲೆ ಇರಬೇಕು. ಹೆದರಿಕೆಗೆ ಹಿಂದಕ್ಕೆ ವಾಲಿದರೆ ಹಲಗೆ ನಿಮ್ಮ ಮಾತು ಕೇಳುವುದಿಲ್ಲ. ಇನ್ನು, ಸಮುದ್ರದಲ್ಲಿ ಬಿದ್ದರೆ ನೀರು. ಇಲ್ಲಿ ಬೀಳುವಾಗ ಅಂಗೈ ಬಿಚ್ಚಿ ಊರಬೇಡಿ. ಮುಷ್ಟಿ ಕಟ್ಟಿ ಮುಂಗೈ, ಅಂದರೆ ಮೊಣಕೈಯಿಂದ ಮಣಿಕಟ್ಟಿನವರೆಗಿನ ಭಾಗ ಕೊಡಿ. ಹಿಂದಕ್ಕೆ ಬೀಳುವ ಹಾಗಿದ್ದರೆ ಗಲ್ಲ ಎದೆಗೆ ಒತ್ತಿ ಕೂತುಬಿಡಿ.

ನಾವು ಸಾಲ್ಟ್ ಲೇಕ್ ಸಿಟಿಯಲ್ಲಿದ್ದೇವೆ. ಮಗಳಿಗೆ ಆರು ವರ್ಷ. ಶಾಲೆಯಲ್ಲಿ ಅರ್ಧ ಮಕ್ಕಳು ಸ್ಕೀ, ಅರ್ಧ ಮಕ್ಕಳು ಸ್ನೋಬೋರ್ಡ್. ಅವಳಿಗೆ ಎರಡೂ ಬೇಕಂತೆ.
— ತಾಯಿ, ಯೂಟಾ

ಸ್ಕೀಯಿಂದ ಶುರು ಮಾಡಿಸಿ. ಆರು ವರ್ಷದ ಮಗುವಿಗೆ ಕಾಲು ಬೇರೆ ಬೇರೆ ಆಡಿಸುವುದು ಸುಲಭ, ಬಿದ್ದರೆ ತಾನೇ ಏಳುತ್ತದೆ. ಮನೆ ಹತ್ತಿರದ ಗುಡ್ಡಗಳನ್ನೂ ನೋಡಬೇಕು. ನಿಮ್ಮ ಊರಿನ ಪಕ್ಕದ ಆಲ್ಟಾ ಮತ್ತು ಡೀರ್ ವ್ಯಾಲಿ ಎರಡರಲ್ಲೂ ಸ್ನೋಬೋರ್ಡ್ ಬಿಡುವುದಿಲ್ಲ. ಇಡೀ ಅಮೆರಿಕದಲ್ಲಿ ಹೀಗಿರುವುದು ಬೆರಳೆಣಿಕೆಯ ಜಾಗಗಳು, ಅದರಲ್ಲಿ ಎರಡು ನಿಮಗೇ ಸಿಕ್ಕಿವೆ. ಸ್ನೇಹಿತೆಯರೆಲ್ಲ ಅಲ್ಲಿಗೆ ಹೊರಟರೆ ಬೋರ್ಡ್ ಹಿಡಿದ ಮಗು ಮನೆಯಲ್ಲೇ ಉಳಿಯಬೇಕಾಗುತ್ತದೆ.

ಒಂದೆರಡು ಚಳಿಗಾಲ ಕಳೆದ ಮೇಲೆ ಬೋರ್ಡ್ ಕೊಡಿಸಿ. ಎರಡೂ ಬೇಕು ಅನ್ನುವ ಮಗುವನ್ನು ತಡೆಯಬೇಡಿ. ಜೆಕ್ ದೇಶದ ಎಸ್ಟರ್ ಲೆಡೆಟ್ಸ್ಕಾ ಹಾಗೇ ಬೆಳೆದವರು. 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ ಸ್ಕೀಯ ಸೂಪರ್-ಜಿ ಓಟವನ್ನು ಒಂದು ಸೆಕೆಂಡಿನ ನೂರನೇ ಒಂದು ಭಾಗದ ಅಂತರದಲ್ಲಿ ಗೆದ್ದರು. ಗುರಿ ಮುಟ್ಟಿ ಫಲಕ ನೋಡಿದಾಗ ಅವರಿಗೇ ನಂಬಿಕೆ ಬರಲಿಲ್ಲ, ಬಾಯಿ ತೆರೆದು ನಿಂತುಬಿಟ್ಟರು. ಒಂದು ವಾರ ಬಿಟ್ಟು ಸ್ನೋಬೋರ್ಡ್‌ನಲ್ಲೂ ಚಿನ್ನ. ಆ ವೀಡಿಯೋ ಮಗಳಿಗೆ ತೋರಿಸಿ.

ಡಿಸೆಂಬರ್ 25ಕ್ಕೆ ಗುಲ್ಮರ್ಗ್‌ನಲ್ಲಿ ರೂಮ್ ಬುಕ್ ಮಾಡಿದ್ದೇವೆ. ಸ್ಕೀ ಕಲಿಯುವಷ್ಟು ಹಿಮ ಇರುತ್ತದಾ?
— ನಾಲ್ವರು ಗೆಳೆಯರು, ಶಿವಮೊಗ್ಗ

ನಂಬಿಕೊಂಡು ಹೋಗಬೇಡಿ. ಕಾಶ್ಮೀರದವರು ಚಿಲ್ಲೈ ಕಲಾನ್ ಅಂತ ಕರೆಯುವ ನಲವತ್ತು ದಿನದ ಗಡಗಡ ಚಳಿ ಡಿಸೆಂಬರ್ 21ಕ್ಕೆ ಶುರುವಾಗುತ್ತದೆ. ಚಳಿ ಬಂದ ಮಾತ್ರಕ್ಕೆ ಹಿಮ ಬರಬೇಕು ಅಂತಿಲ್ಲ. 2024ರ ಜನವರಿಯಲ್ಲಿ ಗುಲ್ಮರ್ಗ್‌ನ ಇಳಿಜಾರುಗಳು ಒಣ ಹುಲ್ಲಿನ ಬಣ್ಣದಲ್ಲಿದ್ದವು. 2025ರಲ್ಲಿ ಹಿಮ ಸಾಲದೆ ಖೇಲೋ ಇಂಡಿಯಾ ಆಟಗಳನ್ನೇ ಫೆಬ್ರುವರಿಯಿಂದ ಮಾರ್ಚ್‌ಗೆ ಮುಂದೂಡಿದರು. ರೂಮ್ ಬದಲಾಯಿಸಲು ಆಗುವುದಾದರೆ ಜನವರಿ ಕೊನೆಯಿಂದ ಫೆಬ್ರುವರಿ ಮಧ್ಯದವರೆಗಿನ ದಿನ ನೋಡಿ. ಆಗದಿದ್ದರೆ ಹೊರಡುವ ಮೂರು ದಿನ ಮೊದಲು ಹೋಟೆಲಿಗೆ ಫೋನ್ ಮಾಡಿ, ಅವತ್ತಿನ ಇಳಿಜಾರಿನ ಫೋಟೋ ಕಳಿಸಿ ಅಂತ ಕೇಳಿ. ಸ್ಕೀ ಮೇಷ್ಟ್ರಿಗೆ ಮುಂಗಡ ಹಣ ಕೊಡುವುದು ಆ ಫೋಟೋ ನೋಡಿದ ಮೇಲೆ.