ಓದುಗರ ಪ್ರಶ್ನೆ: ವಿಂಡೋಸ್ ಮತ್ತೆ ಹಾಕಿದಾಗ ಹಳೆಯ ಅಪ್‌ಡೇಟ್‌ಗಳನ್ನೇ ಬಳಸಬಹುದೇ?

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯ ಗ್ರಾಮೀಣ ಪ್ರೌಢಶಾಲೆಯೊಂದರ ಶಿಕ್ಷಕ. ಶಾಲೆಯ ಕಂಪ್ಯೂಟರ್ ಕೊಠಡಿಯ ಹೊಣೆಯೂ ನನ್ನದೇ. ಎಲ್ಲ ಯಂತ್ರಗಳಲ್ಲೂ ವಿಂಡೋಸ್ 10 ಇದೆ. ಯಾವುದಾದರೊಂದು ಕೆಟ್ಟು, ಫಾರ್ಮ್ಯಾಟ್ ಮಾಡಿ ವಿಂಡೋಸನ್ನು ಮತ್ತೆ ಹಾಕಿದಾಗಲೆಲ್ಲ ಅಪ್‌ಡೇಟ್‌ಗಳು ಮೊದಲಿನಿಂದ ಡೌನ್‌ಲೋಡ್ ಆಗುತ್ತವೆ. ಮೊಬೈಲ್ ಹಾಟ್‌ಸ್ಪಾಟ್‌ನ ದಿನದ ಡೇಟಾ ಅದಕ್ಕೇ ಮುಗಿದುಹೋಗುತ್ತದೆ. ವಿಂಡೋಸ್ ಫೋಲ್ಡರ್‌ನೊಳಗಿರುವ ‘ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್’ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿಟ್ಟು, ಆಮೇಲೆ ಅದೇ ಜಾಗಕ್ಕೆ ಹಾಕಿ ನೋಡಿದೆ, ಪ್ರಯೋಜನವಾಗಲಿಲ್ಲ. ಒಮ್ಮೆ ಇಳಿಸಿಕೊಂಡ ಅಪ್‌ಡೇಟ್‌ಗಳನ್ನು ಉಳಿಸಿಟ್ಟು ಮತ್ತೆ ಬಳಸುವ ದಾರಿ ಇದೆಯೇ?

ಉತ್ತರ: ದಾರಿ ಇದೆ, ಆದರೆ ಅದು ಆ ಫೋಲ್ಡರ್‌ನ ಮೂಲಕ ಹೋಗುವುದಿಲ್ಲ. ‘ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್’ ಎಂಬುದು ವಿಂಡೋಸ್ ತನ್ನ ಕೆಲಸಕ್ಕೆಂದು ಬಳಸುವ ತಾತ್ಕಾಲಿಕ ಉಗ್ರಾಣ. ಅಲ್ಲಿನ ಕಡತಗಳಿಗೂ ವಿಂಡೋಸ್ ಇಟ್ಟುಕೊಳ್ಳುವ ದಾಖಲೆಗೂ ಸಂಬಂಧವಿರುವುದರಿಂದ, ಹೊಸದಾಗಿ ಹಾಕಿದ ವಿಂಡೋಸ್ ಆ ಹಳೆಯ ಕಡತಗಳನ್ನು ತನ್ನವೆಂದು ಗುರುತಿಸುವ ಭರವಸೆಯಿಲ್ಲ. ಇದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಅಪ್‌ಡೇಟ್ ಸೇವೆಯು ಅನೇಕ ವೇಳೆ ಇಡೀ ಪ್ಯಾಕೇಜನ್ನು ಇಳಿಸದೆ, ನಿಮ್ಮ ಯಂತ್ರದಲ್ಲಿ ಆಗಲೇ ಏನಿದೆ ಎಂಬುದನ್ನು ನೋಡಿ ಕೊರತೆಯಿರುವ ಭಾಗಗಳನ್ನಷ್ಟೇ ಇಳಿಸುತ್ತದೆ. ಒಂದು ಯಂತ್ರದ ಒಂದು ಸ್ಥಿತಿಗೆಂದು ಬಂದ ಆ ತುಣುಕುಗಳು, ಏನೂ ಇಲ್ಲದ ಹೊಸ ವಿಂಡೋಸ್‌ಗೆ ಸಾಲುವುದಿಲ್ಲ.

ನಿಮಗೆ ಬೇಕಾದುದು ಮೈಕ್ರೋಸಾಫ್ಟ್‌ನ ‘ಅಪ್‌ಡೇಟ್ ಕ್ಯಾಟಲಾಗ್’ ಜಾಲತಾಣ. ಅಲ್ಲಿ ಪ್ರತಿಯೊಂದು ಅಪ್‌ಡೇಟನ್ನೂ ಅದರ ಕೆಬಿ ಸಂಖ್ಯೆಯಿಂದ (ಮೈಕ್ರೋಸಾಫ್ಟ್ ಪ್ರತಿ ಅಪ್‌ಡೇಟ್‌ಗೂ ಕೊಡುವ, ‘KB’ ಎಂದು ಆರಂಭವಾಗುವ ಗುರುತಿನ ಸಂಖ್ಯೆ) ಹುಡುಕಿ, ‘ಎಂಎಸ್‌ಯು’ ವಿಸ್ತರಣೆಯುಳ್ಳ ಪೂರ್ಣ ಪ್ಯಾಕೇಜ್ ಆಗಿ ಉಚಿತವಾಗಿ ಇಳಿಸಿಕೊಳ್ಳಬಹುದು. ಈ ಕಡತವನ್ನು ಎಷ್ಟು ಯಂತ್ರಗಳಲ್ಲಾದರೂ, ಇಂಟರ್‌ನೆಟ್ ಇಲ್ಲದೆಯೇ, ಎರಡು ಬಾರಿ ಕ್ಲಿಕ್ ಮಾಡಿ ಹಾಕಬಹುದು. 64 ಬಿಟ್ ಯಂತ್ರಕ್ಕೆ 64 ಬಿಟ್ ಪ್ಯಾಕೇಜೇ ಬೇಕು, ವಿಂಡೋಸ್‌ನ ಆವೃತ್ತಿಯೂ ಹೊಂದಬೇಕು. ಇವೆರಡರಲ್ಲಿ ಯಾವುದು ತಪ್ಪಿದರೂ ‘ಈ ಅಪ್‌ಡೇಟ್ ನಿಮ್ಮ ಕಂಪ್ಯೂಟರ್‌ಗೆ ಅನ್ವಯಿಸುವುದಿಲ್ಲ’ ಎಂಬರ್ಥದ ಸಂದೇಶ ಬರುತ್ತದೆ.

ಹಾಗಾದರೆ ಎಷ್ಟು ಅಪ್‌ಡೇಟ್‌ಗಳನ್ನು ಕೂಡಿಡಬೇಕು? ಹತ್ತಾರು ಬೇಕಾಗಬಹುದೆಂದು ಅನೇಕರು ಭಾವಿಸುತ್ತಾರೆ. ಆ ಭಾವನೆ ಎಕ್ಸ್‌ಪಿ ಮತ್ತು ವಿಂಡೋಸ್ 7ರ ಕಾಲದ್ದು. ವಿಂಡೋಸ್ 10ರಲ್ಲಿ ತಿಂಗಳಿಗೊಮ್ಮೆ ಬರುವುದು ‘ಕ್ಯುಮುಲೇಟಿವ್ ಅಪ್‌ಡೇಟ್’. ಎಂದರೆ ಆ ಆವೃತ್ತಿಗೆ ಹಿಂದೆ ಬಂದ ದುರಸ್ತಿಗಳೆಲ್ಲವೂ ಇತ್ತೀಚಿನದರಲ್ಲೇ ಸೇರಿರುತ್ತವೆ. ಆದ್ದರಿಂದ ಹಳೆಯ ತಿಂಗಳುಗಳ ಕಡತಗಳನ್ನು ಜೋಪಾನ ಮಾಡುವುದು ಜಾಗದ ನಷ್ಟವೇ ಹೊರತು ಬೇರೇನಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಅದೇ ದಿನ ಅದರ ಕೊನೆಯ ಆವೃತ್ತಿಯಾದ 22ಎಚ್2ಕ್ಕೆ ಬಿಡುಗಡೆಯಾದ ಕೆಬಿ 5066791 ಎಂಬ ಒಂದೇ ಕಡತವು ನಿಮ್ಮ ಅಗತ್ಯದ ಬಹುಭಾಗವನ್ನು ಪೂರೈಸುತ್ತದೆ. ಅನೇಕ ತಂತ್ರಾಂಶಗಳು ನಡೆಯಲು ಆಧಾರವಾದ ಡಾಟ್‌ನೆಟ್ ಫ್ರೇಮ್‌ವರ್ಕ್‌ನ ಅಪ್‌ಡೇಟ್ ಬೇರೆಯಾಗಿ ಬರುವುದರಿಂದ ಅದನ್ನೂ ಜೊತೆಗಿಟ್ಟುಕೊಳ್ಳಿ. ವಿಂಡೋಸ್ ಡಿಫೆಂಡರ್‌ನ ವೈರಸ್ ಪಟ್ಟಿಯನ್ನು ಮಾತ್ರ ಕೂಡಿಡಬೇಡಿ. ಅದು ದಿನಕ್ಕೆ ಹಲವು ಬಾರಿ ಬದಲಾಗುತ್ತದೆ.

ಬೆಂಬಲ ಮುಗಿದ ವಿಷಯವನ್ನು ಲಘುವಾಗಿ ತೆಗೆದುಕೊಳ್ಳಬಾರದು. ಗೃಹಬಳಕೆದಾರರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರ ವರೆಗೆ ಭದ್ರತಾ ಅಪ್‌ಡೇಟ್‌ಗಳನ್ನು ಕೊಡುವ ಯೋಜನೆಯನ್ನು ಮೈಕ್ರೋಸಾಫ್ಟ್ ಪ್ರಕಟಿಸಿದೆ. ನೋಂದಣಿಯಿಲ್ಲದ ಯಂತ್ರಗಳು ಅಂತರ್ಜಾಲಕ್ಕೆ ಹೆಚ್ಚು ತೆರೆದುಕೊಳ್ಳದಂತೆ ನೋಡಿಕೊಳ್ಳುವುದು, ಸಾಧ್ಯವಾದವನ್ನು ವಿಂಡೋಸ್ 11ಕ್ಕೋ ಲಿನಕ್ಸ್‌ಗೋ ಬದಲಾಯಿಸುವುದು ಒಳ್ಳೆಯದು. ಮಕ್ಕಳು ಬಳಸುವ ಯಂತ್ರಗಳೆಂಬ ಕಾರಣಕ್ಕೆ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಅಪ್‌ಡೇಟ್‌ಗಿಂತಲೂ ಮೊದಲು ಉಳಿಸಬೇಕಾದ್ದು ಡ್ರೈವರ್‌ಗಳನ್ನು (ವೈಫೈ, ಪ್ರಿಂಟರ್‌ನಂಥ ಸಾಧನಗಳನ್ನು ನಡೆಸುವ ತಂತ್ರಾಂಶಗಳನ್ನು) ಎಂಬುದು ನನ್ನ ಖಚಿತ ಅಭಿಪ್ರಾಯ. ಅಪ್‌ಡೇಟ್ ಇಲ್ಲದಿದ್ದರೆ ತಡವಾಗಿಯಾದರೂ ಇಳಿಸಿಕೊಳ್ಳಬಹುದು. ವೈಫೈ ಡ್ರೈವರೇ ಇಲ್ಲದಿದ್ದರೆ ಇಳಿಸಿಕೊಳ್ಳುವ ದಾರಿಯೇ ಮುಚ್ಚಿಹೋಗುತ್ತದೆ. ಫಾರ್ಮ್ಯಾಟ್ ಮಾಡುವ ಮುನ್ನ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ‘ಡಿಸ್ಮ್’ (DISM) ಆದೇಶದ ‘ಎಕ್ಸ್‌ಪೋರ್ಟ್ ಡ್ರೈವರ್’ (Export-Driver) ಆಯ್ಕೆಯಿಂದ, ಹೊರಗಿನಿಂದ ಸೇರಿಸಿದ ಎಲ್ಲ ಡ್ರೈವರ್‌ಗಳನ್ನೂ ಪೆನ್‌ಡ್ರೈವ್‌ನ ಒಂದು ಫೋಲ್ಡರ್‌ಗೆ ತೆಗೆದಿಡಿ. ಮರುಸ್ಥಾಪನೆಯ ನಂತರ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತಿರುವ ಸಾಧನವನ್ನು ಆರಿಸಿ, ಡ್ರೈವರನ್ನು ಆ ಫೋಲ್ಡರ್‌ನಲ್ಲಿ ಹುಡುಕುವಂತೆ ಸೂಚಿಸಿದರೆ ಸಾಕು.

ಮಾಡುವ ಅನುಕ್ರಮವೂ ಮುಖ್ಯ. ಮೊದಲು ನೆಟ್‌ವರ್ಕ್ ಇಲ್ಲದೆಯೇ ವಿಂಡೋಸ್, ನಂತರ ಡ್ರೈವರ್‌ಗಳು, ಆಮೇಲೆ ಕ್ಯುಮುಲೇಟಿವ್ ಅಪ್‌ಡೇಟ್, ಕಡೆಗೆ ಇಂಟರ್‌ನೆಟ್. 2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್ ಎಂಬ ಹುಳು (ಜಾಲದ ಮೂಲಕ ತಾನೇ ಹರಡುವ ದುಷ್ಟ ತಂತ್ರಾಂಶ) ಹರಡಿದಾಗ, ಅದನ್ನು ತಡೆಯುವ ಅಪ್‌ಡೇಟ್ ಜುಲೈನಲ್ಲೇ ಬಂದಿತ್ತು. ಆದರೂ ಹೊಸದಾಗಿ ಎಕ್ಸ್‌ಪಿ ಹಾಕಿದ ಯಂತ್ರವು ಆ ಅಪ್‌ಡೇಟನ್ನು ಇಳಿಸಿಕೊಳ್ಳಲೆಂದು ಜಾಲಕ್ಕೆ ಸೇರಿದ ಕೂಡಲೇ ಸೋಂಕಿಗೆ ಒಳಗಾಗುವ ಅಪಾಯವಿತ್ತು. ಅಪ್‌ಡೇಟನ್ನು ಸಿಡಿಯಲ್ಲಿ ಇಟ್ಟುಕೊಂಡವರು ಆಗ ಪಾರಾದರು. ಈಗಿನ ವಿಂಡೋಸ್‌ನಲ್ಲಿ ಫೈರ್‌ವಾಲ್ ಆರಂಭದಿಂದಲೇ ಚಾಲೂ ಇರುವುದರಿಂದ ಅಪಾಯ ಅಷ್ಟು ತೀವ್ರವಾಗಿಲ್ಲವಾದರೂ ಅನುಕ್ರಮವನ್ನು ಬದಲಿಸಲು ಕಾರಣವಿಲ್ಲ.

ನಿಮ್ಮಲ್ಲಿ ಒಂದೇ ಮಾದರಿಯ ಯಂತ್ರಗಳಿದ್ದರೆ ಎಲ್ಲವನ್ನೂ ಹಾಕಿ ಸಿದ್ಧಪಡಿಸಿದ ಒಂದು ಯಂತ್ರದ ಪೂರ್ಣ ಇಮೇಜನ್ನು (ಡಿಸ್ಕ್‌ನಲ್ಲಿರುವ ಎಲ್ಲದರ ಯಥಾವತ್ ನಕಲನ್ನು) ಹೊರಗಿನ ಹಾರ್ಡ್‌ಡಿಸ್ಕ್‌ನಲ್ಲಿ ಇಟ್ಟುಕೊಳ್ಳುವುದು ಇನ್ನೂ ಉತ್ತಮ. ಆ ಯಂತ್ರ ಕೆಟ್ಟಾಗ ವಿಂಡೋಸ್, ಡ್ರೈವರ್, ಅಪ್‌ಡೇಟ್, ಕನ್ನಡ ಟೈಪಿಂಗ್ ತಂತ್ರಾಂಶ ಎಲ್ಲವೂ ಒಟ್ಟಿಗೆ ಮರಳುತ್ತವೆ. ಅದೇ ಇಮೇಜನ್ನು ಬೇರೆ ಯಂತ್ರಗಳಿಗೂ ಹಂಚುವುದಾದರೆ ಇಮೇಜ್ ತೆಗೆಯುವ ಮುನ್ನ ವಿಂಡೋಸ್‌ನಲ್ಲೇ ಇರುವ ‘ಸಿಸ್‌ಪ್ರೆಪ್’ (ಆ ಯಂತ್ರಕ್ಕೇ ಸೀಮಿತವಾದ ಗುರುತುಗಳನ್ನು ತೆಗೆಯುವ ಸಾಧನ) ಅನ್ನು ನಡೆಸಬೇಕು. ಹಾಗೆಯೇ ಸೆಟ್ಟಿಂಗ್ಸ್‌ನ ‘ಡೆಲಿವರಿ ಆಪ್ಟಿಮೈಸೇಷನ್’ನಲ್ಲಿ ಸ್ಥಳೀಯ ನೆಟ್‌ವರ್ಕ್‌ನ ಇತರ ಕಂಪ್ಯೂಟರ್‌ಗಳಿಂದ ಪಡೆಯಲು ಅನುಮತಿ ಕೊಟ್ಟರೆ, ಒಂದು ಯಂತ್ರ ಇಳಿಸಿದ್ದನ್ನು ಉಳಿದವು ಹಂಚಿಕೊಳ್ಳಬಹುದು.

ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ಬಂದ ಅಪ್‌ಡೇಟ್ ಕಡತಗಳನ್ನು ಹಾಗೆಯೇ ನಂಬಬೇಡಿ. ಪ್ರಾಪರ್ಟೀಸ್‌ನಲ್ಲಿ ‘ಡಿಜಿಟಲ್ ಸಿಗ್ನೇಚರ್ಸ್’ ವಿಭಾಗವನ್ನು ತೆರೆದು ಮೈಕ್ರೋಸಾಫ್ಟ್‌ನ ಸಹಿ ಇದೆಯೇ, ಅದು ಸರಿಯಾಗಿದೆಯೇ ಎಂದು ನೋಡಿಕೊಂಡ ನಂತರವೇ ಬಳಸಿ.

ಪ್ರಶ್ನೆ: ನನ್ನದು ವಿಂಡೋಸ್ 11, 24ಎಚ್2. ಇದಕ್ಕೂ ಒಂದೇ ಕಡತ ಸಾಕೇ?

ಉತ್ತರ: ಇಲ್ಲಿ ಸ್ವಲ್ಪ ವ್ಯತ್ಯಾಸವಿದೆ. ಈ ಆವೃತ್ತಿಯಿಂದ ‘ಚೆಕ್‌ಪಾಯಿಂಟ್’ ಎಂಬ ಪದ್ಧತಿ ಬಂದಿದ್ದು, ಹೊಸ ಅಪ್‌ಡೇಟ್ ಅದಕ್ಕೂ ಹಿಂದಿನ ಚೆಕ್‌ಪಾಯಿಂಟ್ ಕಡತವನ್ನು ಆಧರಿಸಿರಬಹುದು. 2024ರ ಸೆಪ್ಟೆಂಬರ್‌ನ ಕೆಬಿ 5043080 ಅಂಥದ್ದು. ಕ್ಯಾಟಲಾಗ್‌ನಲ್ಲಿ ಡೌನ್‌ಲೋಡ್ ಒತ್ತಿದಾಗ ಎರಡು ಕಡತಗಳು ಕಂಡರೆ ಎರಡನ್ನೂ ಒಂದೇ ಫೋಲ್ಡರ್‌ನಲ್ಲಿಡಿ. ಗಾತ್ರ ಹಲವು ಗಿಗಾಬೈಟ್‌ಗಳಷ್ಟಿರುವುದರಿಂದ, ವೇಗದ ಸಂಪರ್ಕ ಸಿಕ್ಕಾಗ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ಅನುಸ್ಥಾಪನೆಯ ಪೆನ್‌ಡ್ರೈವನ್ನೇ ಹೊಸದಾಗಿ ಮಾಡಿಕೊಳ್ಳುವುದು ಸುಲಭ. ಅದಕ್ಕೆ ಕನಿಷ್ಠ 8 ಗಿಗಾಬೈಟ್‌ನ ಖಾಲಿ ಪೆನ್‌ಡ್ರೈವ್ ಬೇಕು.

ಪ್ರಶ್ನೆ: ಹಳೆಯ ಯಂತ್ರವೊಂದರಲ್ಲಿ ವಿಂಡೋಸ್ 7 ಮಾತ್ರ ನಡೆಯುತ್ತದೆ. ಅದಕ್ಕೆ ಯಾವುದನ್ನು ಉಳಿಸಿಡಬೇಕು?

ಉತ್ತರ: ಅದರ ಬೆಂಬಲ 2020ರ ಜನವರಿ 14ರಂದೇ ಮುಗಿದಿದೆ, ಇಂಟರ್‌ನೆಟ್‌ಗೆ ಸೇರಿಸದೆ ಬಳಸುವುದಾದರೆ ಮಾತ್ರ ಈ ಶ್ರಮಕ್ಕೆ ಅರ್ಥವಿದೆ. ಮೊದಲು ಸರ್ವಿಸ್ ಪ್ಯಾಕ್ 1, ನಂತರ ಕೆಬಿ 3020369, ಅದರ ಮೇಲೆ 2016ರಲ್ಲಿ ಬಂದ ದೊಡ್ಡ ಸಂಗ್ರಹವಾದ ಕೆಬಿ 3125574. 2019ರಿಂದ ಅಪ್‌ಡೇಟ್‌ಗಳ ಡಿಜಿಟಲ್ ಸಹಿಯ ವಿಧಾನ ಬದಲಾದ ಕಾರಣ ಕೆಬಿ 4490628 ಮತ್ತು ಕೆಬಿ 4474419 ಇಲ್ಲದೆ ಮುಂದಿನವು ಒಳಗೆ ಸೇರುವುದಿಲ್ಲ. ಅವಾದ ಮೇಲೆ 2020ರ ಜನವರಿಯ ಕೆಬಿ 4534310. ಈ ಕ್ರಮವನ್ನು ಒಂದು ಟೆಕ್ಸ್ಟ್ ಕಡತದಲ್ಲಿ ಬರೆದು ಅದೇ ಫೋಲ್ಡರ್‌ನಲ್ಲಿಡಿ.

ಪ್ರಶ್ನೆ: ಲಿನಕ್ಸ್‌ನ ಒಂದು ರೂಪವಾದ ಉಬುಂಟುವಿನಲ್ಲಿ ಇಂಥ ಅನುಕೂಲವಿದೆಯೇ?

ಉತ್ತರ: ಇದೆ. ‘ಆಪ್ಟ್-ಗೆಟ್’ ಆದೇಶದಿಂದ ಇಳಿಸಿದ ‘ಡೆಬ್’ ಕಡತಗಳು (ಉಬುಂಟುವಿನ ತಂತ್ರಾಂಶ ಪ್ಯಾಕೇಜ್‌ಗಳು) ‘ವಾರ್’ ಡೈರೆಕ್ಟರಿಯ ‘ಕ್ಯಾಶ್’ನೊಳಗೆ, ‘ಆಪ್ಟ್’ನ ‘ಆರ್ಕೈವ್ಸ್’ನಲ್ಲಿ ಉಳಿದಿರುತ್ತವೆ. ಅವನ್ನು ನಕಲಿಸಿಟ್ಟು, ಅದೇ ಆವೃತ್ತಿಯ ಉಬುಂಟು ಮತ್ತೆ ಹಾಕಿದಾಗ ಅದೇ ಜಾಗಕ್ಕೆ ಸೇರಿಸಿದರೆ, ಬದಲಾಗದ ಪ್ಯಾಕೇಜ್‌ಗಳು ಮತ್ತೆ ಇಳಿಯುವುದಿಲ್ಲ. ‘ಆಪ್ಟ್’ ಎಂಬ ಚಿಕ್ಕ ಆದೇಶವನ್ನು ಬಳಸುವವರು ಗಮನಿಸಬೇಕು: ಅದು ಅನುಸ್ಥಾಪನೆ ಮುಗಿದೊಡನೆ ಆ ಕಡತಗಳನ್ನು ತಾನೇ ಅಳಿಸಿಹಾಕುತ್ತದೆ.