ಚಡಾವಿನಲ್ಲಿ ನಿಲ್ಲುವ ಎಲೆಕ್ಟ್ರಿಕ್ ಸ್ಕೂಟರ್

ಪ್ರಶ್ನೆ: ನಮ್ಮ ಮನೆ ಗುಡ್ಡದ ಮೇಲೆ. ಹಬ್ ಮೋಟಾರಿನ (ಚಕ್ರದೊಳಗೇ ಮೋಟಾರಿರುವ) ಸ್ಕೂಟರಿನಲ್ಲಿ ಹಿಂಡಿ ಮೂಟೆ ತರುವಾಗ ಅರ್ಧ ಚಡಾವಿಗೇ ಮೋಟಾರು ಬಿಸಿಯಾಗಿ ನಿಲ್ಲುತ್ತದೆ. ದೊಡ್ಡ ಬ್ಯಾಟರಿ ಹಾಕಿದರೆ ಸರಿಹೋದೀತೇ?
– ಓದುಗರು, ಹೆಬ್ರಿ

ಉತ್ತರ: ಇಲ್ಲ. ದೊಡ್ಡ ಬ್ಯಾಟರಿಯಿಂದ ಓಡುವ ದೂರ ಹೆಚ್ಚೀತು, ಎಳೆಯುವ ಬಲವಲ್ಲ. ಮೇಲಾಗಿ ಅದರ ಭಾರ ಬೇರೆ. ಗಾಡಿ, ಸವಾರ, ಮೂಟೆ ಸೇರಿ 250 ಕಿಲೋ ಎನ್ನಿ. 100 ಮೀಟರಿಗೆ 15 ಮೀಟರ್ ಏರುವ ಮಣ್ಣುದಾರಿಯಲ್ಲಿ ಗಂಟೆಗೆ 15 ಕಿ.ಮೀ. ವೇಗಕ್ಕೇ ಚಕ್ರದಲ್ಲಿ ಸುಮಾರು 1.75 ಕಿಲೋವಾಟ್ ಬೇಕು. ಗೇರಿಲ್ಲದ ಹಬ್ ಮೋಟಾರು ನಿಧಾನಕ್ಕೆ ತಿರುಗುತ್ತಾ ಇಷ್ಟು ಬಲ ಕೊಡಬೇಕಾದರೆ ವಿಪರೀತ ಕರೆಂಟು ಎಳೆಯುತ್ತದೆ, ಸುರುಳಿ ಕಾಯುತ್ತದೆ, ಮೋಟಾರಿನ ಕರೆಂಟು ನಿಯಂತ್ರಿಸುವ ಕಂಟ್ರೋಲರ್ ಕೈಬಿಡುತ್ತದೆ.

ಮೋಟಾರು ನಡುವೆ ಇದ್ದು ಚೈನಿನಲ್ಲಿ ಹಿಂದಿನ ಚಕ್ರ ತಿರುಗಿಸುವ ಗಾಡಿಯೇ ನಿಮಗೆ ಸರಿ. ಅದರ ಹಿಂದಿನ ಸ್ಪ್ರಾಕೆಟ್ (ಚೈನಿನ ಹಲ್ಲುಚಕ್ರ) 36ರಿಂದ 44 ಹಲ್ಲಿಗೆ ಏರಿಸಿದರೆ ಎಳೆತ ಸುಮಾರು ಶೇ. 22 ಹೆಚ್ಚುತ್ತದೆ, ವೇಗ ಸುಮಾರು ಶೇ. 18 ತಗ್ಗುತ್ತದೆ. ಚೈನೂ ಉದ್ದದ್ದು ಬೇಕು. ಮೋಟಾರನ್ನೇ ಬದಲಿಸುವುದಾದರೆ ಮೊದಲು ಆರ್‌ಟಿಒ ಒಪ್ಪಿಗೆ.

ಮೂಟೆ ಹಿಂದಿನ ಆಕ್ಸಲಿಗಿಂತ ಮುಂದೆ, ತಗ್ಗಿನಲ್ಲಿರಲಿ. ಇಲ್ಲದಿದ್ದರೆ ಮುಂದಿನ ಚಕ್ರ ಏಳುತ್ತದೆ. ಗುಡ್ಡದ ಮನೆಯಲ್ಲಿ ಬ್ಯಾಟರಿ ಚಾರ್ಜನ್ನು ಶೇ. 90ಕ್ಕೇ ನಿಲ್ಲಿಸಿ. ಪೂರ್ತಿ ತುಂಬಿದ ಬ್ಯಾಟರಿ ಇಳಿಜಾರಿನಲ್ಲಿ ಮೋಟಾರೇ ತಯಾರಿಸಿ ಹಿಂದಿರುಗಿಸುವ (ರೀಜನ್) ಕರೆಂಟನ್ನು ತೆಗೆದುಕೊಳ್ಳುವುದಿಲ್ಲ, ಹೊರೆಯೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ.